ನೇರಳೆ, ಕವಳಿಗೆ ನೆರೆಯ ಸಂತೆಯೇ ಗತಿ

ಮಾವಿನ ಸುಗ್ಗಿ ಇಳಿದು ಮುಂಗಾರು ಕಾಲಿಡುವ ಹೊತ್ತಿಗೆ ನಮ್ಮ ಊರೂರ ಸಂತೆಗಳಲ್ಲಿ, ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಬಿದಿರಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಕವಳಿ. ಮಲೆನಾಡು, ಕರಾವಳಿಯ ಕಡೆಯಾದರೆ ಮುರುಗಲು. ತಕ್ಕಡಿ ಇಲ್ಲದ ಕಡೆ ಪಾವು, ಸೇರು, ಲೋಟವೇ ಅಳತೆ. ನೇರಳೆ ಕೊಂಡವರಿಗೆ ಮೇಲೊಂದು ಚಿಟಿಕೆ ಉಪ್ಪು. ಕೆಲವೇ ವಾರ ಕಳೆದರೆ ಬುಟ್ಟಿಯೂ ಇಲ್ಲ, ಮಾರುವವರೂ ಇಲ್ಲ. ಇಷ್ಟು ಚಿಕ್ಕ ವ್ಯಾಪಾರದ ಬಗ್ಗೆ ಇಷ್ಟೊಂದು ಬರೆಯುವುದೇಕೆ ಎಂದು ಕೇಳಬಹುದು. ಈ ಹಣ್ಣುಗಳ ಅಳಿವು ಉಳಿವು ನಿಂತಿರುವುದೇ ಆ ಚಿಕ್ಕ ವ್ಯಾಪಾರದ ಮೇಲೆ. ದೂರದ ಊರಿಗೆ ಹೋಗಲಾರದ, ನಾಲ್ಕು ದಿನ ತಡೆಯಲಾರದ ಹಣ್ಣಿಗೆ ಇರುವುದು ಎರಡೇ ಆಸರೆ: ಮನೆಗೆ ಹತ್ತಿರದ ಒಂದು ಸಂತೆ ಮತ್ತು ತಂದ ಹಣ್ಣನ್ನು ಏನು ಮಾಡಬೇಕೆಂದು ಬಲ್ಲ ಒಂದು ಅಡುಗೆಮನೆ. ಇವೆರಡರಲ್ಲಿ ಅಡುಗೆಮನೆಯ ತಿಳಿವಳಿಕೆ ಮೊದಲು ಕುಂದುತ್ತದೆ, ಅದರ ಬೆನ್ನಿಗೇ ಸಂತೆಯ ಬುಟ್ಟಿ ಕಾಣೆಯಾಗುತ್ತದೆ, ಆಮೇಲೆ ಮರಕ್ಕೆ ಕೊಡಲಿ ಬೀಳುತ್ತದೆ ಎಂಬುದು ನನ್ನ ವಾದ. ಆದ್ದರಿಂದ ಈ ಹಣ್ಣುಗಳ ಔಷಧಿ ಗುಣ ಹೊಗಳುವುದಕ್ಕಿಂತ ಅವನ್ನು ಆರಿಸುವ, ಹಿಂಡುವ, ಬೇಯಿಸುವ, ಉಪ್ಪಿನಲ್ಲಿ ಹಾಕುವ ವಿದ್ಯೆಯನ್ನು ಉಳಿಸಿಕೊಳ್ಳುವುದು ಮುಖ್ಯ.

ನೇರಳೆಯನ್ನೇ ತೆಗೆದುಕೊಳ್ಳಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೂ ಬಿಟ್ಟು ಮೇ ಕೊನೆಯಿಂದ ಜುಲೈವರೆಗೆ ಹಣ್ಣು ಕೊಡುವ ಮರ ಇದು. ಮಾವು, ಬಾಳೆ, ಸಪೋಟ ಕಿತ್ತ ಮೇಲೂ ಹಣ್ಣಾಗುತ್ತವೆ. ಹಾಗಾಗಿಯೇ ಅವನ್ನು ಬಲಿತ ಕಾಯಿಯಾಗಿದ್ದಾಗ ಕೊಯ್ದು, ಲಾರಿಗೆ ತುಂಬಿ, ಸಾವಿರ ಕಿಲೋಮೀಟರ್ ಆಚೆ ಹಣ್ಣು ಮಾಡಿ ಮಾರಬಹುದು. ನೇರಳೆಗೆ ಆ ಗುಣ ಇಲ್ಲ. ಮರದಿಂದ ಬೇರೆಯಾದರೆ ಅದು ಮಾಗುವುದು ಅಲ್ಲಿಗೇ ನಿಂತಿತು. ಅರೆಗೆಂಪಿನಲ್ಲಿ ಕಿತ್ತ ಹಣ್ಣನ್ನು ಅಕ್ಕಿಯಲ್ಲಿ ಹುಗಿದಿಟ್ಟರೂ ಸಿಹಿಯಾಗದು, ಒಗರು ಒಗರಾಗಿಯೇ ಸುಕ್ಕಿಹೋಗುತ್ತದೆ. ಪೂರ್ತಿ ಹಣ್ಣಾದ ಮೇಲೆ ಕೊಯ್ಯೋಣವೆಂದರೆ ಆಗ ಸಿಪ್ಪೆ ಕಾಗದದಷ್ಟು ತೆಳು, ಒಳಗೆಲ್ಲ ರಸ. ಬುಟ್ಟಿಯಲ್ಲಿ ಮೇಲಿನ ಹಣ್ಣಿನ ಭಾರಕ್ಕೆ ಕೆಳಗಿನದು ಒಡೆಯುತ್ತದೆ, ಒಡೆದಲ್ಲಿ ಹುಳಿ ಬರುತ್ತದೆ. ಹೊರಗಿಟ್ಟರೆ ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಮರದ ಲೆಕ್ಕದಲ್ಲಿ ಇದೇನೂ ಕೊರತೆಯಲ್ಲ. ಹಕ್ಕಿ, ಬಾವಲಿ, ಕರಡಿಗಳು ಬೇಗ ತಿಂದು ಬೀಜವನ್ನು ದೂರ ಉದುರಿಸಲಿ, ಅದು ಮಳೆಗಾಲದಲ್ಲೇ ಮೊಳೆಯಲಿ ಎಂಬುದು ಮರದ ಏರ್ಪಾಡು. ಹಿಪ್ಪುನೇರಳೆಯ ಹಣ್ಣಂತೂ ಇನ್ನೂ ಮೃದು, ಬೆಳಿಗ್ಗೆ ಕಿತ್ತದ್ದು ಸಂಜೆಗೆ ರಸ ಬಿಡುತ್ತದೆ. ರೇಷ್ಮೆಗೆ ಹೆಸರಾದ ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಊರ ತುಂಬ ಹಿಪ್ಪುನೇರಳೆ ಇದ್ದರೂ ಹುಳುವಿಗೆ ಸೊಪ್ಪು ಬೇಕೆಂದು ಗಿಡವನ್ನು ವರ್ಷದಲ್ಲಿ ಹಲವು ಸಲ ಕಟಾವು ಮಾಡುವುದರಿಂದ ಹಣ್ಣು ಕಾಣುವುದು ಬದುವಿನಲ್ಲಿ ಮರವಾಗಲು ಬಿಟ್ಟ ಒಂದೆರಡರಲ್ಲಿ ಮಾತ್ರ.

ಇಂಥ ಹಣ್ಣು ಕೊಳ್ಳುವುದಕ್ಕೂ ಕಣ್ಣು ಪಳಗಿರಬೇಕು. ನೇರಳೆ ಬುಟ್ಟಿಯ ಮುಂದೆ ಕೂತಾಗ ಮೊದಲು ನೋಡಬೇಕಾದ್ದು ಹಣ್ಣಿನ ತೊಟ್ಟಿನ ಕಡೆ. ಹೊಟ್ಟೆಯೆಲ್ಲ ಕಪ್ಪಾಗಿದ್ದು ತೊಟ್ಟಿನ ಸುತ್ತ ಮಾತ್ರ ಕೆಂಪು ಉಂಗುರ ಉಳಿದಿದ್ದರೆ ಅದು ಒಂದು ದಿನ ಮೊದಲೇ ಕಿತ್ತ ಹಣ್ಣು, ನಾಲಿಗೆ ಹಿಡಿಯುತ್ತದೆ. ತೊಟ್ಟಿನವರೆಗೂ ಕಡು ನೇರಳೆಗಪ್ಪು ಹರಡಿ, ಸಿಪ್ಪೆ ಬಿಗಿಯಾಗಿ ಮಿರುಗುತ್ತ, ಬೆರಳಿಟ್ಟರೆ ಸ್ವಲ್ಪವೇ ತಗ್ಗುವಂತಿದ್ದರೆ ಸರಿಯಾದ ಹದ. ಆಮೇಲೆ ಬುಟ್ಟಿಯ ತಳಕ್ಕೆ ಹಾಸಿದ ಎಲೆಯನ್ನು ಗಮನಿಸಿ. ಅದು ಒದ್ದೆಯಾಗಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಕೆಳಗಿನ ಸಾಲು ಆಗಲೇ ಒಡೆದಿದೆ. ಹಾಗೆಂದು ಅದನ್ನು ಬಿಟ್ಟು ಬರಬೇಕಾಗಿಲ್ಲ. ಹಾಗೇ ತಿನ್ನಲು ಮೇಲಿನ ಹಣ್ಣು, ಕುದಿಸಲು ಕೆಳಗಿನ ಮೆತ್ತನೆಯದು ಎಂದು ಎರಡನ್ನೂ ಬೇರೆ ಬೇರೆ ಕಟ್ಟಿಸಿಕೊಳ್ಳಬಹುದು. ಎರಡನೆಯದಕ್ಕೆ ಮಾರುವಾಕೆ ಬೆಲೆಯನ್ನೂ ಇಳಿಸುತ್ತಾಳೆ, ಸಂಜೆಯ ಹೊತ್ತಿಗೆ ಇನ್ನೂ ಇಳಿಸುತ್ತಾಳೆ. ದೊಡ್ಡ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಂಥ ವಿಂಗಡಣೆಗೆ ಅವಕಾಶವೇ ಇಲ್ಲ. ಅಲ್ಲಿ ಮೆತ್ತಗಾದದ್ದು ಕಸ, ಇಲ್ಲಿ ಅದು ನಾಳಿನ ಗೊಜ್ಜು. ಮನೆಗೆ ತಂದ ಮೇಲೆ ತೊಳೆದಿಡಬಾರದು. ಅಗಲ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ತಿನ್ನುವ ಮೊದಲಷ್ಟೇ ತೊಳೆಯಬೇಕು.

ಇಷ್ಟು ಪಡಿಪಾಟಲು ಬೇಡ, ವರ್ಷವಿಡೀ ಸಿಗುವ ಬ್ಲೂಬೆರಿ, ಸ್ಟ್ರಾಬೆರಿ ಇವೆಯಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಪೆರು, ಚಿಲಿ ದೇಶಗಳಿಂದ ಬರುವ ಬ್ಲೂಬೆರಿಯ ಸಿಪ್ಪೆ ಗಟ್ಟಿ, ಮೇಲೆ ಸಹಜವಾದ ಮೇಣದ ಪದರ ಬೇರೆ; ಕೊಯ್ದ ಕೂಡಲೇ ತಂಪು ಮಾಡಿದರೆ ವಾರಗಟ್ಟಲೆ ಕೆಡದೆ ಸಮುದ್ರ ದಾಟುತ್ತದೆ. ಅದರ ನೀಲಿಯಲ್ಲಿ ಆಂಥೊಸಯನಿನ್ ಎಂಬ ವರ್ಣದ್ರವ್ಯಗಳಿದ್ದು ಅವು ಆರೋಗ್ಯಕ್ಕೆ ಒಳ್ಳೆಯವು ಎಂಬ ಪ್ರಚಾರವೂ ಜೋರಾಗಿದೆ. ಆದರೆ ನಮ್ಮ ನೇರಳೆಯ ಬಣ್ಣಕ್ಕೆ ಕಾರಣವೂ ಅದೇ ವರ್ಣದ್ರವ್ಯಗಳ ಬಳಗ. ತಿಂದವರ ನಾಲಿಗೆಗೆ ಹತ್ತುವುದು ಅದೇ ಬಣ್ಣ. ಪೋಷಣೆಯ ದೃಷ್ಟಿಯಿಂದ ನೇರಳೆಯನ್ನು ಬಿಟ್ಟು ಬ್ಲೂಬೆರಿ ಹುಡುಕಿಕೊಂಡು ಹೋಗಲು ಕಾರಣ ಇಲ್ಲ. ಇರುವ ಕಾರಣ ಅನುಕೂಲ ಒಂದೇ. ಸ್ಟ್ರಾಬೆರಿಯ ಮಾತು ಬೇರೆ. ಅದು ಹೊರಗಿನಿಂದ ಬಂದ ಬೆಳೆಯಾದರೂ ಮಹಾರಾಷ್ಟ್ರದ ಮಹಾಬಲೇಶ್ವರ, ಪಂಚಗಣಿಯ ತಂಪಿನಲ್ಲಿ ನೆಲೆಯೂರಿದೆ. ಮಹಾಬಲೇಶ್ವರದ ಸ್ಟ್ರಾಬೆರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಚಳಿಗಾಲದಲ್ಲಿ ಅಲ್ಲಿನ ರಸ್ತೆ ಬದಿಯಲ್ಲೇ ಕೊಂಡ ಹಣ್ಣಿನ ಘಮ ನಾಲ್ಕು ದಿನ ಡಬ್ಬಿಯಲ್ಲಿ ಕೂತು ನಗರ ಸೇರಿದ ಹಣ್ಣಿಗೆ ಇರುವುದಿಲ್ಲ. ಅಂದರೆ ದೂರ ಸಾಗಬಲ್ಲ ಹಣ್ಣು ಕೂಡ ತನ್ನ ನಿಜವಾದ ರುಚಿ ಕೊಡುವುದು ಬೆಳೆದಲ್ಲಿಗೆ ಹತ್ತಿರದಲ್ಲೇ. ದೂರ ಸಾಗಲಾರದ ಹಣ್ಣಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಈಗ ಅಡುಗೆಮನೆಗೆ ಬರೋಣ. ನೇರಳೆಯ ಬಗ್ಗೆ ಮಕ್ಕಳೂ ದೊಡ್ಡವರೂ ಹೇಳುವ ದೂರು ಒಂದೇ, ಒಗರು. ಹಣ್ಣಿನಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಿತ್ತುಹಾಕುತ್ತದೆ, ಅದರಿಂದಲೇ ನಾಲಿಗೆ ತರಿತರಿಯಾದಂತೆ ಅನ್ನಿಸುವುದು. ಕಾರಣ ತಿಳಿದರೆ ಉಪಾಯವೂ ಹೊಳೆಯುತ್ತದೆ. ಟ್ಯಾನಿನ್ನಿಗೆ ಹಿಡಿದುಕೊಳ್ಳಲು ಬೇರೆ ಪ್ರೋಟೀನು ಕೊಟ್ಟರೆ ಅದು ನಾಲಿಗೆಯನ್ನು ಬಿಡುತ್ತದೆ. ಬೀಜ ತೆಗೆದು ಕಿವುಚಿದ ನೇರಳೆಯನ್ನು ಗಟ್ಟಿ ಮೊಸರಿಗೆ ಬೆರೆಸಿ, ಉಪ್ಪು, ಜೀರಿಗೆ ಪುಡಿ, ಒಂದು ಹಸಿಮೆಣಸಿನಕಾಯಿ ಹಾಕಿದರೆ ಒಗರು ಗೊತ್ತೇ ಆಗದ ಮೊಸರುಬಜ್ಜಿ ಸಿದ್ಧ. ಮಲೆನಾಡಿನವರು ನೇರಳೆಯ ಕುಡಿ ಹುರಿದು ಅರೆದು ಮಜ್ಜಿಗೆಯಲ್ಲಿ ತಂಬುಳಿ ಮಾಡುವುದರ ಹಿಂದೆಯೂ ಇದೇ ಯುಕ್ತಿ ಇದೆ. ಮಾರುವವರು ಕೊಡುವ ಉಪ್ಪಿಗೂ ಅರ್ಥವಿದೆ: ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದಕ್ಕೆ ತರುತ್ತದೆ. ಗೊಜ್ಜು ಮಾಡುವುದಾದರೆ ಹಣ್ಣನ್ನು ಸ್ವಲ್ಪವೇ ನೀರಿನಲ್ಲಿ ಐದು ನಿಮಿಷ ಬೇಯಿಸಿ, ಆರಿದ ಮೇಲೆ ಜಾಲರಿಯಲ್ಲಿ ಉಜ್ಜಿದರೆ ಬೀಜ ಮೇಲೆ, ತಿರುಳು ಕೆಳಗೆ. ಅದಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ, ಹುರಿದ ಎಳ್ಳಿನ ಪುಡಿ ಸೇರಿಸಿ ಒಂದು ಕುದಿ ಬರಿಸಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ದೋಸೆಗೂ ಅನ್ನಕ್ಕೂ ಹೊಂದುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಕಬ್ಬಿಣದ ಬಾಣಲೆ ಬೇಡ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಆಗುವುದು ಶಾಯಿ. ಹಿಂದಿನ ಕಾಲದಲ್ಲಿ ಬರೆಯುವ ಮಸಿಯನ್ನು ತಯಾರಿಸುತ್ತಿದ್ದುದೇ ಈ ಜೋಡಿಯಿಂದ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಮಾಡಿ, ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಬಣ್ಣ ಕೆಂಪುನೇರಳೆಯಾಗಿ ಬೆಳಗುತ್ತದೆ. ಹುಳಿ ಇದ್ದಲ್ಲಿ ಈ ವರ್ಣದ್ರವ್ಯ ಕೆಂಪಿನತ್ತ ವಾಲುತ್ತದೆ, ಅಡುಗೆ ಸೋಡಾ ಬಿದ್ದರೆ ನೀಲಿ, ಹಸಿರಿಗೆ ತಿರುಗುತ್ತದೆ. ನೇರಳೆ ತಿರುಳನ್ನು ಸೋಡಾ ಹಾಕಿದ ಕೇಕಿನ ಹಿಟ್ಟಿಗೆ ಬೆರೆಸಿ ಬೂದುಬಣ್ಣ ಕಂಡು ಗಾಬರಿಯಾದವರಿಗೆ ಕಾರಣ ಇದೇ.

ಕವಳಿಯ ಸ್ವಭಾವವೇ ಬೇರೆ. ಕರಾವಳಿಯವರು ಕರಂಡೆ ಎನ್ನುವ ಈ ಮುಳ್ಳುಪೊದೆ ಹೊಲದ ಬೇಲಿಯಲ್ಲಿ, ಗುಡ್ಡದ ಕುರುಚಲಿನಲ್ಲಿ ತನ್ನಷ್ಟಕ್ಕೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಹಸಿರು ಕಾಯಿ, ಮಳೆ ಹತ್ತಿರವಾದಾಗ ಕಪ್ಪು ಹಣ್ಣು. ನೇರಳೆಯಂತೆ ಅದು ಹಣ್ಣಾಗುವವರೆಗೆ ಕಾಯಬೇಕಿಲ್ಲ. ಕಾಯಿಯಲ್ಲೇ ಅದರ ಅರ್ಧ ಬೆಲೆ ಇರುವುದು. ಎಳೆಗಾಯಿಗೆ ಸೊನೆ ಹೆಚ್ಚು. ತೊಟ್ಟು ಮುರಿದರೆ ಹಾಲು ಒಸರಿ ಕೈಗೂ ಚಾಕುವಿಗೂ ಅಂಟುತ್ತದೆ. ಉಪ್ಪುನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಬಟ್ಟೆಯ ಮೇಲೆ ಆರಿಸಿದ ಮೇಲೆಯೇ ಉಪ್ಪಿನಕಾಯಿಗೆ ಕೈಹಾಕಬೇಕು. ಹಣ್ಣಾಗುವ ಮೊದಲು, ಕೆಂಪು ಅಡರಿದ ಹದದಲ್ಲಿ, ಇದರಲ್ಲಿ ಪೆಕ್ಟಿನ್ ಹೇರಳ. ಜಾಮ್ ಗಟ್ಟಿಯಾಗಲು ಬೇಕಾದ್ದು ಪೆಕ್ಟಿನ್, ಹುಳಿ, ಸಕ್ಕರೆ ಈ ಮೂರು. ಮೊದಲಿನ ಎರಡನ್ನೂ ಕವಳಿಯೇ ತರುತ್ತದೆ. ಚೆನ್ನಾಗಿ ಕಳಿತ ನೇರಳೆಯಲ್ಲಿ ಪೆಕ್ಟಿನ್ ಒಡೆದುಹೋಗಿರುವುದರಿಂದ ಅದರ ಜಾಮ್ ಎಷ್ಟು ಕುದಿಸಿದರೂ ಪಾಕದಂತೆ ಹರಿಯುತ್ತದೆ, ಗಟ್ಟಿಯಾಗಲೆಂದು ಇನ್ನೂ ಕುದಿಸಿದರೆ ಘಮ ಹೋಗುತ್ತದೆ. ಒಂದು ಕಿಲೋ ನೇರಳೆಗೆ ಎರಡು ಹಿಡಿ ಅರೆಹಣ್ಣು ಕವಳಿ ಸೇರಿಸಿ ನೋಡಿ: ಅಂಗಡಿಯ ಪೆಕ್ಟಿನ್ ಪುಡಿಯ ಹಂಗಿಲ್ಲದೆ ಹದ ಬರುತ್ತದೆ. ಥರ್ಮಾಮೀಟರ್ ಇದ್ದವರು 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಳಿಸಬಹುದು. ಇಲ್ಲದವರು ತಣ್ಣಗಿನ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿನಿಂದ ಗೆರೆ ಎಳೆದು, ಗೆರೆ ಕೂಡಿಕೊಳ್ಳದಿದ್ದರೆ ಒಲೆ ಆರಿಸಬಹುದು. ಕವಳಿಯನ್ನು ತಿಂದೇ ಇಲ್ಲ ಎನ್ನುವ ನಗರವಾಸಿಗಳು ಬಹುತೇಕ ತಿಂದೇ ಇರುತ್ತಾರೆ. ಬೇಕರಿಯ ಕೇಕ್, ಐಸ್‌ಕ್ರೀಂ, ಸಿಹಿ ಬೀಡಾದ ಮೇಲೆ ಕೂರುವ ಕೆಂಪು ಚೆರ್ರಿಗಳಲ್ಲಿ ಬಹಳಷ್ಟು, ಬೀಜ ತೆಗೆದು ಬಣ್ಣ ಹಾಕಿ ಸಕ್ಕರೆ ಪಾಕ ಕುಡಿಸಿದ ಕವಳಿಗಳೇ. ಬೇರೆ ಹಣ್ಣಿನ ಹೆಸರಿನಲ್ಲಿ ಬೇಕರಿಯೊಳಗೆ ಬಂದ ಹಣ್ಣು ತನ್ನ ಹೆಸರಿನಲ್ಲೇ ಅಡುಗೆಮನೆಗೆ ಬರಲಿ ಎಂದು ಬಯಸುವುದು ಅತಿಯಾಸೆಯಲ್ಲ.

ಮುರುಗಲಿನ ಕಥೆ ಈ ವಾದಕ್ಕೆ ಇನ್ನೊಂದು ಮಗ್ಗುಲು ಕೊಡುತ್ತದೆ. ದಕ್ಷಿಣ ಕನ್ನಡ, ಉಡುಪಿಯವರ ಪುನರ್ಪುಳಿ ಇದೇ. ಏಪ್ರಿಲ್‌ನಿಂದ ಜೂನ್‌ವರೆಗೆ ಹಣ್ಣು, ಅಷ್ಟರಲ್ಲೇ ಕರಾವಳಿಗೆ ಮಳೆ. ತಿರುಳಿಗಿಂತ ಸಿಪ್ಪೆ ಮುಖ್ಯವಾದ ಹಣ್ಣು ಇದು; ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿಟ್ಟರೆ ವರ್ಷಪೂರ್ತಿ ಹುಳಿಗೆ, ಸಾರಿಗೆ ಆಯಿತು. ಮಳೆಗೆ ಮೊದಲು ಹಣ್ಣಾದದ್ದು ಒಣಗುತ್ತದೆ, ಮಳೆಗೆ ಸಿಕ್ಕಿದ್ದು ಮರದಡಿಯಲ್ಲೇ ಕೊಳೆಯುತ್ತದೆ. ಈ ಪೈಪೋಟಿಯಲ್ಲಿ ತಡವಾಗಿ ಹಣ್ಣಾದದ್ದನ್ನು ಉಳಿಸಿದ ಉಪಾಯ ಶರಬತ್ತು: ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿಟ್ಟರೆ ಅದೇ ರಸ ಬಿಟ್ಟು ಕಡುಗೆಂಪು ಪಾಕವಾಗುತ್ತದೆ. ಬೀಜವನ್ನೂ ಎಸೆಯುವುದಿಲ್ಲ. ಅದರಿಂದ ತೆಗೆಯುವ ಮುರುಗಲು ತುಪ್ಪ ಹಿಮ್ಮಡಿಯ ಬಿರುಕಿಗೆ ಮನೆಮದ್ದು, ಕೆಲವು ಕಡೆ ಅಡುಗೆಗೂ ಸಲ್ಲುತ್ತದೆ. ಒಣಸಿಪ್ಪೆ ನಾಲ್ಕಾರು ನೆನೆಸಿ, ಬೆಲ್ಲ, ಹಸಿಮೆಣಸು, ಉಪ್ಪು ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಪುನರ್ಪುಳಿ ಸಾರನ್ನು ಕರಾವಳಿಯ ಮನೆಗಳು ಇವತ್ತಿಗೂ ಬಿಟ್ಟಿಲ್ಲ. ಗಮನಿಸಬೇಕಾದ್ದು ಇಲ್ಲಿದೆ. ಸಾರು ಉಳಿದಿದ್ದರಿಂದ ಸಿಪ್ಪೆಗೆ ಗಿರಾಕಿ ಉಳಿದರು, ಗಿರಾಕಿ ಇದ್ದುದರಿಂದ ಹಿತ್ತಿಲಿನ ಮರ ಉಳಿಯಿತು, ಈಗ ಅದೇ ಸಿಪ್ಪೆಯ ಪಾಕ ಬಾಟಲಿಯಲ್ಲಿ ಬೆಂಗಳೂರಿಗೂ ಬರುತ್ತದೆ. ಎಲಚಿಯದ್ದೂ ಹಾಗೆಯೇ. ಹಳೆ ಮೈಸೂರಿನ ಕಡೆ ಸಂಕ್ರಾಂತಿಯಲ್ಲಿ ಮಕ್ಕಳಿಗೆ ಎಲಚಿಹಣ್ಣು ಎರೆಯುವ ಪದ್ಧತಿ ಇರುವುದರಿಂದ ಆ ವಾರ ಮಾರುಕಟ್ಟೆಯಲ್ಲಿ ಅದಕ್ಕೆ ಖಾತ್ರಿ ಬೇಡಿಕೆ. ಕವಳಿಗೆ ಹಬ್ಬದ ಬೆಂಬಲವೂ ಇಲ್ಲ, ನಿತ್ಯದ ಸಾರೂ ಇಲ್ಲ. ಅದರ ಬೇಲಿಗಳು ತಂತಿಬೇಲಿಗೆ ಜಾಗ ಬಿಟ್ಟುಕೊಡುತ್ತಿರುವುದು ಕಣ್ಣಿಗೆ ಕಾಣುತ್ತಿದೆ.

ಬೆಲೆಯ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಪುಕ್ಕಟೆ ಸಿಗುತ್ತಿದ್ದ ನೇರಳೆ ನಗರಗಳಲ್ಲಿ ಈಗ ಕಿಲೋಗೆ ಇನ್ನೂರು ರೂಪಾಯಿ ದಾಟುವುದು ಸಾಮಾನ್ಯ. ಸಂಸಾರಸ್ಥರಿಗೆ ಇದು ಹಗುರವಲ್ಲ. ಆದರೆ ಆ ಹಣ ಯಾವುದಕ್ಕೆ ಹೋಗುತ್ತದೆ ಎಂದು ನೋಡಬೇಕು. ನೇರಳೆ ಎತ್ತರದ ಮರ, ಕೊಂಬೆ ಪೆಡಸು, ಭಾರ ಬಿದ್ದರೆ ಸದ್ದಿಲ್ಲದೆ ಮುರಿಯುತ್ತದೆ. ಒಂದು ಮರದಲ್ಲೇ ಹಣ್ಣು ಒಟ್ಟಿಗೆ ಮಾಗುವುದಿಲ್ಲ, ಒಂದೇ ಗೊಂಚಲಲ್ಲಿ ಕಾಯಿ, ಕೆಂಪು, ಕಪ್ಪು ಮೂರೂ ಇರುತ್ತವೆ. ಆದ್ದರಿಂದ ಕೊಯ್ಯುವವರು ಮತ್ತೆ ಮತ್ತೆ ಮರ ಹತ್ತಬೇಕು, ಅದೂ ಮಳೆಯಲ್ಲಿ ಜಾರುವ ಕಾಂಡದ ಮೇಲೆ. ಕೆಳಗೆ ಬಲೆ ಕಟ್ಟಿ ಕೊಂಬೆ ಅಲುಗಾಡಿಸಿದರೆ ಜೀವಕ್ಕೂ ಕ್ಷೇಮ, ಹಣ್ಣಿಗೂ ಪೆಟ್ಟು ಕಡಿಮೆ. ಬಲೆಯ ಖರ್ಚು, ಕೂಲಿ, ಒಡೆದು ಹೋಗುವ ಹಣ್ಣಿನ ನಷ್ಟ ಎಲ್ಲ ಸೇರಿ ಆ ಬೆಲೆ. ಒಂದು ವಾರ ಅರ್ಧ ಕಿಲೋ ಕೊಂಡು, ಒಂದಿಷ್ಟು ಹಾಗೇ ತಿಂದು, ಉಳಿದದ್ದರ ತಿರುಳು ತೆಗೆದು ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿದರೆ ಪಾನಕಕ್ಕೋ ಗೊಜ್ಜಿಗೋ ಶ್ರಾವಣದಲ್ಲೂ ಸಿಗುತ್ತದೆ. ಬೀಜ ಬಿಟ್ಟರೆ ಎಸೆಯುವಂಥದ್ದು ಏನೂ ಇರುವುದಿಲ್ಲ.

ಆ ಬೀಜದ ಮಾತೂ ಬಂತು. ನೇರಳೆ ಬೀಜದ ಪುಡಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಎಂಬ ನಂಬಿಕೆಯಿಂದಲೇ ಇಂದು ಬಹಳ ಮಂದಿ ಈ ಹಣ್ಣಿನ ಹತ್ತಿರ ಬರುತ್ತಾರೆ. ಆಯುರ್ವೇದದಲ್ಲಿ ಇದರ ಬಳಕೆ ಹಳೆಯದು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ರಕ್ತದ ಸಕ್ಕರೆ ಇಳಿದದ್ದೂ ಉಂಟು. ಮನುಷ್ಯರ ಮೇಲಿನ ಪುರಾವೆ ಮಾತ್ರ ಇನ್ನೂ ತೆಳು. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಬೀಜದ ಪುಡಿ ನೆಚ್ಚುವುದು ಅಪಾಯ. ಔಷಧಿಯ ಹೆಸರಿನಲ್ಲಿ ಬಂದ ಬೇಡಿಕೆ ಇನ್ನೊಂದು ಪುಡಿ ಹೆಸರಾದ ದಿನ ಅತ್ತ ಹೊರಟುಹೋಗುತ್ತದೆ, ಅದನ್ನು ನಂಬಿ ಮರ ಬೆಳೆಸಲಾಗದು. ರುಚಿಗೆ ಬಂದವರು ಮುಂದಿನ ವರ್ಷವೂ ಬರುತ್ತಾರೆ. ಇನ್ನು ಶುಚಿಯ ಪ್ರಶ್ನೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಾಗ ಬಾವಲಿ ಮುಟ್ಟಿದ ಹಣ್ಣೆಂಬ ಭಯದಿಂದ ಅನೇಕರು ಹಣ್ಣು ಕೊಳ್ಳುವುದನ್ನೇ ನಿಲ್ಲಿಸಿದರು. ಭಯಕ್ಕೆ ಆಧಾರ ಇಲ್ಲದಿರಲಿಲ್ಲ, ಪರಿಹಾರವೂ ಕಷ್ಟದ್ದಲ್ಲ: ಕಚ್ಚಿದ ಗುರುತಿರುವ, ನೆಲಕ್ಕೆ ಬಿದ್ದು ಒಡೆದ ಹಣ್ಣು ಬೇಡ, ಉಳಿದದ್ದನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಎಲ್ಲಿಯ ಮರ, ಹೇಗೆ ಕೊಯ್ದದ್ದು ಎಂದು ಕೇಳಿದರೆ ಉತ್ತರ ಸಿಗುವ ಜಾಗ ಸಂತೆಯೇ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ಕಾಡಿನದು. ಗಿರಾಕಿ ಹೆಚ್ಚಾದಂತೆ ಕಾಡಿನ ಹಣ್ಣನ್ನು ಬಳಿದು ತಂದರೆ ಕರಡಿಗೆ, ಹಕ್ಕಿಗೆ ಏನು ಉಳಿಯುತ್ತದೆ, ಸಸಿ ಹುಟ್ಟುವುದು ಎಲ್ಲಿಂದ? ಕೊಂಬೆ ಕಡಿದು ಕೊಯ್ಯುವಲ್ಲಿ ಈ ಆತಂಕ ನಿಜ. ಆದರೆ ಕೊಯ್ಲನ್ನೇ ತಪ್ಪೆನ್ನುವ ಮೊದಲು ಬಿಳಿಗಿರಿರಂಗನಬೆಟ್ಟದ ನೆಲ್ಲಿಯ ಅನುಭವ ನೋಡಬೇಕು. ಅಲ್ಲಿ ಸೋಲಿಗರು ತಲೆಮಾರುಗಳಿಂದ ನೆಲ್ಲಿ ಕೊಯ್ದು ಮಾರುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಮಾರಾಟಕ್ಕೆ ಸಂಗ್ರಹಿಸುವುದು ನಿಂತಿತು. ಅಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡುಬಂದದ್ದು, ನೆಲ್ಲಿ ಮರಕ್ಕೆ ಹಣ್ಣಿನ ಕೊಯ್ಲಿಗಿಂತ ಬಂದಳಿಕೆ ಮತ್ತು ಕಾಡು ತುಂಬಿಕೊಂಡ ಲಂಟಾನ ದೊಡ್ಡ ಪೀಡೆ ಎಂಬುದು. ಬಂದಳಿಕೆ ಹಿಡಿದ ಕೊಂಬೆ ಕಡಿದು ಮರ ಉಳಿಸುವುದನ್ನು ಸೋಲಿಗರು ಬಲ್ಲವರಾಗಿದ್ದರು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ದೊರೆಯಿತು. ಕಾಡಿನ ಹಣ್ಣು ಯಾರ ಕೈಯಿಂದ, ಯಾವ ಹಕ್ಕಿನಿಂದ ಸಂತೆಗೆ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ. ಬೇಡಿಕೆಯ ಉಳಿದ ಭಾರವನ್ನು ಹೊಲದ ಬದುವೂ ತೋಟವೂ ಹೊರಬಲ್ಲವು. ಬೀಜದಿಂದ ಬೆಳೆದ ನೇರಳೆ ಹಣ್ಣು ಬಿಡಲು ಎಂಟು ಹತ್ತು ವರ್ಷ ಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೇ ಬಿಡುತ್ತದೆ, ಸವರುತ್ತ ಬಂದರೆ ಕೈಗೆ ಎಟಕುವ ಎತ್ತರದಲ್ಲೇ ಇರುತ್ತದೆ, ಹತ್ತಿ ಬೀಳುವ ಭಯವೂ ಇಲ್ಲ. ಬಯಲುಸೀಮೆಯ ಕೆಲವು ರೈತರು ಹೀಗೆ ನೇರಳೆ ತೋಟ ಮಾಡಿದ್ದಾರೆ. ಅವರ ಹಣ್ಣೂ ಎರಡು ಮೂರು ದಿನದಲ್ಲಿ ಮಾರಿಹೋಗಲೇಬೇಕು, ಆದ್ದರಿಂದ ತೋಟದಿಂದ ಅರ್ಧ ದಿನದ ದಾರಿಯೊಳಗೆ ಅದಕ್ಕೊಂದು ಸಂತೆ ಸಿಗಬೇಕು.